ಇದು ಬಟಾಣಿ ಲೆಕ್ಕ ಅಲ್ಲ ಪುಟ್ಟಿ

ಪುಟ್ಟಿ,

"ಅಮ್ಮನ ರಕ್ತವೇ ಅಲ್ವಾ ಚಿಕ್ಕಿ ನನ್ನದೂ, ನನಗೂ ಎಂಎಸ್ ಬಂದೇ ಬರುತ್ತೆ" ಅಂತ ಬರೆದಿದ್ದೀಯ. ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಮೈಯ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳು ಮಾಡುವ ಅಮ್ಮನ ಆ ಕಾಯಿಲೆ. ಉಳಿದದ್ದನ್ನೆಲ್ಲ ಒಂದು ಸಲ ಓದಿದೆ. ಆ ಸಾಲನ್ನು ಮಾತ್ರ ನಿನ್ನೆಯಿಂದ ಓದುತ್ತಲೇ ಇದ್ದೇನೆ.

ಇದರಲ್ಲಿ ನನ್ನ ತಪ್ಪೂ ಇದೆ. ಹೈಸ್ಕೂಲಲ್ಲಿ ನಿನಗೆ ಮೆಂಡೆಲ್‌ನ ಬಟಾಣಿ ಗಿಡದ ಪಾಠ ಹೇಳಿಕೊಟ್ಟವಳು ನಾನೇ ಅಲ್ವಾ. ಮೂರು ಎತ್ತರ, ಒಂದು ಗಿಡ್ಡ. ಅದೇ ಲೆಕ್ಕವನ್ನು ಅಮ್ಮನ ಕಾಯಿಲೆಗೂ ಹಾಕಿಕೊಂಡು ಕೂತಿದ್ದೀಯ. ಇದಕ್ಕೆ ಇಂಥದ್ದೇ ಒಂದು ಜೀನ್ ಅಂತ ಇಲ್ಲ. 2019ರಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನರ ಡಿಎನ್‌ಎ ಹೋಲಿಸಿ ನೋಡಿದಾಗ 200ಕ್ಕೂ ಹೆಚ್ಚು ಕಡೆ ವ್ಯತ್ಯಾಸ ಸಿಕ್ಕಿತು, ಒಂದೊಂದರ ತೂಕವೂ ಸಾಸಿವೆ ಕಾಳಿನಷ್ಟು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಎಚ್‌ಎಲ್‌ಎ ಅನ್ನುವ ಜೀನ್ ಗುಂಪಿನ ಒಂದು ಮಾತ್ರ ಸ್ವಲ್ಪ ಭಾರ, ಅದಿದ್ದರೆ ಅಪಾಯ ಸುಮಾರು ಮೂರು ಪಟ್ಟು. ಆದರೆ ಅದಿರುವವರಲ್ಲೂ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ 25-30 ಮಾತ್ರ. ತಾಯಿಗಿದ್ದರೆ ಮಕ್ಕಳಿಗೆ ಬರುವುದು ನೂರಕ್ಕೆ ಎರಡು-ಮೂರು.

ನನ್ನದೂ ಅದೇ ರಕ್ತ. 1989ರಲ್ಲಿ ಅಕ್ಕ "ಒಂದು ಕಣ್ಣಿಗೆ ಕುಂಕುಮ ಮಾಸಿದ ಹಾಗೆ ಕಾಣುತ್ತೆ ಕಣೇ" ಅಂದಾಗ, ಭರಣಿಯ ಮುಚ್ಚಳ ಸರಿಯಾಗಿ ಹಾಕಿಡು ಅಂದೆ. ಅಷ್ಟೇ ಅಂದೆ. ಕಾಯಿಲೆಯ ಹೆಸರು ಗೊತ್ತಾದ ಮೇಲೆ ಎಷ್ಟೋ ವರ್ಷ ನಾನು ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಕುಂಕುಮ ನೋಡುತ್ತಿದ್ದೆ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಎರಡೂ ಸಲ ಒಂದೇ ಕೆಂಪು. ಆದರೂ ಅವಳು ಗೋಡೆ ಹಿಡಿದು ನಡೆಯುವುದನ್ನು ನೋಡಿದರೆ ನನ್ನ ಕಾಲೂ ಜೋಮು ಹಿಡಿದ ಹಾಗೆ ಆಗುತ್ತಿತ್ತು, ಅದಕ್ಕೇ ಅವಳ ಮನೆಗೆ ಹೋಗುವುದನ್ನು ಕಡಿಮೆ ಮಾಡಿಬಿಟ್ಟೆ. ಹೋಗಬೇಕಿತ್ತು. ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಬೇಕಿತ್ತು. ನನಗೀಗ 63, ಕಾಯಿಲೆ ಬರಲಿಲ್ಲ.

ಬಂದರೆ ಅಮ್ಮನ ಹಾಗೇ ಆಗ್ತೀನಾ ಅಂತಲೂ ಕೇಳಿದ್ದೀಯ. ಭಯ ಅದೇ, ಬಾಗಿಲು ಬೇರೆ. ಕಾಯಿಲೆ ಬರುವುದಕ್ಕೆ ಕಾರಣವಾಗುವ ಜೀನ್‌ಗಳೇ ಅದನ್ನು ಜೋರು ಮಾಡುತ್ತವೆ ಅಂತಿಲ್ಲ. ಜೋರಾಗುವುದಕ್ಕೆ ಸಂಬಂಧಿಸಿದ ವ್ಯತ್ಯಾಸ ಮೊದಲು ಗಟ್ಟಿಯಾಗಿ ಸಿಕ್ಕಿದ್ದು 2023ರಲ್ಲಿ, ಅದೂ ಯುರೋಪ್ ಮೂಲದವರಲ್ಲಿ. ತಂದೆ ತಾಯಿ ಇಬ್ಬರಿಂದಲೂ ಅದು ಬಂದಿದ್ದವರು ಸುಮಾರು ನಾಲ್ಕು ವರ್ಷ ಬೇಗ ಕೋಲು ಹಿಡಿಯುತ್ತಾರಂತೆ. ನಿನ್ನ ಅಮ್ಮನಿಗೆ ಶುರುವಾದಾಗ ಇದಕ್ಕೆಂದೇ ಒಂದು ಔಷಧಿಯೂ ಇರಲಿಲ್ಲ, ಮೊದಲನೆಯದು ಅಮೆರಿಕದಲ್ಲಿ ಬಂದಿದ್ದೇ 1993ರಲ್ಲಿ. ಈಗ ಹತ್ತಾರು ಇವೆ.

ನಾನು ಡಾಕ್ಟರ್ ಅಲ್ಲ, ಹೇಳಬಾರದೇನೋ, ಆದರೂ ಹೇಳುತ್ತೇನೆ. ಜೀನ್ ಟೆಸ್ಟ್‌ಗೆ ಸುಮ್ನೆ ದುಡ್ಡು ಸುರಿಯಬೇಡ, ಬರುತ್ತೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ವಿಟಮಿನ್ ಡಿ ನೋಡಿಸು. ಆಫೀಸಿನ ಗೆಳತಿಯರ ಜೊತೆ ಯಾವಾಗಾದರೂ ಸಿಗರೇಟ್ ಅಂದಿದ್ದೆಯಲ್ಲ, ಅದನ್ನು ಬಿಡು. ಬೈಯುತ್ತಿಲ್ಲ, ಅದು ಬರುವ ಅಪಾಯವನ್ನೂ ಹೆಚ್ಚಿಸುತ್ತೆ, ಬಂದಿದ್ದನ್ನೂ ಜೋರು ಮಾಡುತ್ತೆ. ಕಣ್ಣು ಹೊರಳಿಸಿದಾಗ ನೋವಾಗಿ ಒಂದು ಕಣ್ಣು ಮಂಜಾದರೆ ನನ್ನ ಹಾಗೆ ಭರಣಿ ಮುಚ್ಚಳದ ಮಾತಾಡಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗು.

ದಿನಾ ಕಣ್ಣು ಮುಚ್ಚಿ ನೋಡಿಕೊಳ್ಳುತ್ತಿದ್ದೀಯಾ ಪುಟ್ಟಿ? ನಿಜ ಹೇಳು.

ಈ ಕಾರಣಕ್ಕೆ ಆ ಹುಡುಗನಿಗೆ ಮದುವೆ ಬೇಡ ಅನ್ನಬೇಡ. ಭಾನುವಾರ ಫೋನ್ ಮಾಡು, ಅವನನ್ನೂ ಪಕ್ಕದಲ್ಲಿ ಕೂರಿಸಿಕೋ. ಈ ನೂರಕ್ಕೆ ಎರಡು-ಮೂರರ ಲೆಕ್ಕ ಅವನಿಗೆ ನಾನೇ ಹೇಳುತ್ತೇನೆ.

ನಿನ್ನ ಚಿಕ್ಕಿ