ಬೇಸಿಗೆಯಲ್ಲಿ ಹುಳದ ಔಷಧ ಯಾಕೆ ಕೊಡ್ತಿಲ್ಲ: ನಮ್ಮ ಕುರಿಗಾರರಿಗೆ ಪತ್ರ
ಜತ್ತ, ಮಾಡಗ್ಯಾಳ, ಸಂಖ, ಉಮದಿ ಕಡೆಯ ಕುರಿಗಾರ ಅಣ್ಣಂದಿರಿಗೂ ಅಕ್ಕಂದಿರಿಗೂ ನಮಸ್ಕಾರ.

ಬೇಸಿಗೆಯಲ್ಲಿ ಇಡೀ ಹಿಂಡಿಗೆ ತಿಂಗಳಿಗೊಮ್ಮೆ ಹುಳದ ಔಷಧ ಕೊಡುವುದನ್ನು ನಮ್ಮ ಅಂಗಡಿ ನಿಲ್ಲಿಸಿದೆ. ಇನ್ನು ಹಿಕ್ಕೆಯಲ್ಲಿ ಹುಳದ ಮೊಟ್ಟೆ ಇದೆಯಾ ನೋಡಿ, ಮಳೆ ನೋಡಿ ಕೊಡುತ್ತೇವೆ. ದೂರದಿಂದ ಬಂದು ಬರಿಗೈಯಲ್ಲಿ ಹೋದವರು ಕ್ಷಮಿಸಬೇಕು. ಆದರೆ ಬಂದ ವ್ಯಾಪಾರ ಬೇಡ ಅಂತ ಯಾವ ಅಂಗಡಿಯವನೂ ಸುಮ್ನೆ ಹೇಳುವುದಿಲ್ಲ, ಅಲ್ವಾ?

ನಾವು ಜಾಸ್ತಿ ಕೇಳಿದ ಮಾತು ಒಂದಿದೆ: "ಕುಡಿಸಿದರೂ ಕುರಿ ಸೊರಗುತ್ತಿದೆ, ಔಷಧಕ್ಕೆ ನೀರು ಹಾಕ್ತೀರಾ?" ಬಾಟಲಿಯ ಸೀಲ್ ಒಡೆಯುವವರು ನೀವೇ. ನೀರು ಹಾಕುವುದೆಲ್ಲಿ ಬಂತು?

ನಿಜವಾದ ಕಳ್ಳ ಹೀಮಾಂಕಸ್ ಹುಳ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಹಿಕ್ಕೆಯಲ್ಲಿನ ಮೊಟ್ಟೆ ಒಡೆದು, ಸುಮಾರು ಒಂದು ವಾರಕ್ಕೆ ಮರಿಹುಳ ಹಸಿ ಹುಲ್ಲು ಹತ್ತುತ್ತದೆ. ಕುರಿ ಅದನ್ನು ಮೇಯ್ದ ಮೂರು ವಾರಕ್ಕೆ ಮತ್ತೆ ಮೊಟ್ಟೆ. ನಮ್ಮ ಕಡೆ ಸೆಪ್ಟೆಂಬರ್ ಮಳೆಯೇ ಜೋರು. ಹುಳದ ಕಾಟವೂ ಆಗಲೇ ಜಾಸ್ತಿ.

ಏಪ್ರಿಲ್ ಬಿಸಿಲಿಗೆ ನೆಲದ ಮೇಲಿನ ಮರಿಹುಳ ಒಣಗಿ ಸಾಯುತ್ತದೆ. ಉಳಿಯುವುದು ಕುರಿಯ ಹೊಟ್ಟೆಯೊಳಗಿನದು ಮಾತ್ರ. ಆಗ ಎಲ್ಲ ಕುರಿಗೂ ಕುಡಿಸಿದರೆ ಔಷಧಕ್ಕೆ ಬಗ್ಗದ ಹುಳವಷ್ಟೇ ಬದುಕುತ್ತದೆ. ಮಳೆ ಬಿದ್ದ ಮೇಲೆ ಹುಲ್ಲಿನ ತುಂಬ ಅದರದ್ದೇ ಸಂತಾನ. ಮೇಲೆ ಅಂದಾಜಿನ ಅಳತೆ ಬೇರೆ. 40 ಕಿಲೋ ಕುರಿಗೆ 2.5 ಪರ್ಸೆಂಟಿನ ಆಲ್ಬೆಂಡಜೋಲ್ ಅನ್ನುವ ಹುಳದ ಔಷಧ 12 ಮಿಲಿ ಬೇಕು. ಒಂದು ಮುಚ್ಚಳ ಕುಡಿಸಿದರೆ ಹುಳಕ್ಕೆ ಅದು ತಾಲೀಮು!

ಇನ್ನು ದುಡ್ಡಿನ ಮಾತು. ರೇಟು ಏರಿಸುವುದು ಕಂಪನಿ, ಬೈಸಿಕೊಳ್ಳುವುದು ನಾವು. ಮಿರಜದಿಂದ ಬರುವ ಟೆಂಪೋ ಬಾಡಿಗೆ ನಮ್ಮದು. ತಾರೀಖು ಮುಗಿದ ಬಾಟಲಿಯ ನಷ್ಟವೂ ನಮ್ಮದೇ. ಹಿಕ್ಕೆ ಪರೀಕ್ಷೆಗೆ ಸೂಕ್ಷ್ಮದರ್ಶಕ ತಂದಿದ್ದೇವೆ, ನೋಡುವ ಹುಡುಗಿಗೆ ಸಂಬಳ ಕೊಡುತ್ತೇವೆ. "ಉಪ್ಪು ನೀರಲ್ಲಿ ಹಿಕ್ಕೆ ಕದಡಲು ದುಡ್ಡಾ?" ಅಂದವರು ಒಮ್ಮೆ ಒಳಗೆ ಬಂದು ಗಾಜಿನಲ್ಲಿ ಇಣುಕಿ ನೋಡಲಿ. ಈ ತಾಲೂಕಿನಲ್ಲಿ ಔಷಧ ಮಾರುವ ಮೊದಲು ಹಿಕ್ಕೆ ನೋಡುವ ಅಂಗಡಿ ಇದೆ ಅನ್ನುವ ಹೆಮ್ಮೆ ನಮಗಿದೆ.

ಔಷಧ ಕೊಡುವುದೇ ಇಲ್ಲ ಅಂತಲ್ಲ. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ. ಕೆಂಪಗಿದ್ದರೆ ಬಿಡಿ. ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿದ್ದರೆ, ಯಾವ ತಿಂಗಳಾದರೂ ಆ ಕುರಿಯನ್ನು ಕರೆತನ್ನಿ. ಈಚೆಗೆ ಗಬ್ಬವಾದ ಕುರಿ ಇದ್ದರೆ ಮೊದಲೇ ಹೇಳಿ, ಅದಕ್ಕೆ ಆಲ್ಬೆಂಡಜೋಲ್ ಆಗುವುದಿಲ್ಲ.

ಹಿಕ್ಕೆ ಬೆಳಗಿನ ಹಸಿಯದೇ ಇರಲಿ, ಬಿಸಿಲಲ್ಲಿ ಒಣಗಿದ್ದು ಬೇಡ. ಹಳೇ ಉದ್ರಿ ಇದ್ದವರೂ ಬನ್ನಿ. ಪರೀಕ್ಷೆ ಮಾಡುವಾಗ ಲೆಕ್ಕದ ಪುಸ್ತಕ ತೆಗೆಯುವುದಿಲ್ಲ.

ಇಂತಿ ನಿಮ್ಮ,
ಕುರಿ ಔಷಧದ ಅಂಗಡಿಯವರು, ಜತ್ತ