ಕೆಲಸ ಬಿಟ್ಟ ಮರುದಿನದ ಬಗ್ಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನಲವತ್ತೇಳನೇ ವಯಸ್ಸಿನಲ್ಲಿ ಕೆಲಸ ಬಿಟ್ಟು ಗಣಿತ ಓದಬೇಕು, ಅದೂ ಡಿಗ್ರಿಯಿಂದಲೇ ಶುರು ಮಾಡಬೇಕು ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ಎರಡು ಪ್ರಶ್ನೆ ಕೇಳಿದ್ದೀಯ. ಈ ವಯಸ್ಸಿನಲ್ಲಿ ತಲೆಗೆ ಹತ್ತುತ್ತಾ? ಇಷ್ಟು ದೊಡ್ಡ ನಿರ್ಧಾರಕ್ಕೆ ಧೈರ್ಯ ಎಲ್ಲಿಂದ ತರಲಿ?

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಅದು ನೀನು ಅಂದುಕೊಂಡಷ್ಟು ದೊಡ್ಡದಲ್ಲ. ಆ ಧೈರ್ಯ ಬೇಕಾಗುವುದು ಒಂದೇ ದಿನಕ್ಕೆ, ರಾಜೀನಾಮೆ ಕೊಡುವ ದಿನಕ್ಕೆ. ಅವತ್ತು ಕೆಲವರು ಬೆನ್ನು ತಟ್ಟುತ್ತಾರೆ, ಕೆಲವರು ತಲೆ ಕೆಟ್ಟಿದೆಯಾ ಅನ್ನುತ್ತಾರೆ. ಸ್ವಲ್ಪ ದಿನಕ್ಕೆ ಎರಡೂ ನಿಂತುಹೋಗುತ್ತವೆ. ಆಮೇಲೆ ಉಳಿಯುವುದು ನೀನು ಮತ್ತು ಅರ್ಥವಾಗದ ಒಂದು ಪುಟ. ಮನುಷ್ಯ ಬದಲಾಗುವುದು ಅಲ್ಲಿ. ಜನ ಮಾತ್ರ ಕೆಲಸಕ್ಕೆ ಕೈಮುಗಿದು ಹೊರಟ ಗಳಿಗೆಯ ಕಥೆಯನ್ನೇ ಹೇಳುತ್ತಾರೆ. ಆ ಕಥೆಗಳು ನನಗೆ ಅಷ್ಟಾಗಿ ಇಷ್ಟವಿಲ್ಲ.

ನಾನು ಲೆಕ್ಕಪತ್ರದ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡು ಬಡಗಿತನ ಕಲಿಯಲು ಹೋದದ್ದು ನಿನಗೆ ಗೊತ್ತಲ್ಲ. ಮೇಸ್ತ್ರಿ ನನಗಿಂತ ತುಂಬಾ ಚಿಕ್ಕವರು. ಬಹಳ ಕಾಲ ಅವರು ನನಗೆ ಉಳಿ ಹರಿತ ಮಾಡುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಆಫೀಸಿನಲ್ಲಿ ವರ್ಷಗಟ್ಟಲೆ ಎಲ್ಲರೂ ನನ್ನನ್ನು ಕೇಳುತ್ತಿದ್ದರು. ಇಲ್ಲಿ ದಿನಾ ನಾನು ಕೇಳಬೇಕು: "ಗೊತ್ತಾಗಲಿಲ್ಲ ಮೇಸ್ತ್ರೀ, ಇನ್ನೊಂದು ಸಲ ತೋರಿಸ್ತೀರಾ?" ಈ ಒಂದು ಮಾತು ನನ್ನಲ್ಲಿ ಮಾಡಿದ ಬದಲಾವಣೆಯನ್ನು ಯಾವ ಬಡ್ತಿಯೂ ಮಾಡಿರಲಿಲ್ಲ. ಮನೆಯಲ್ಲಿ ಮಗಳ ಮಾತನ್ನೂ ಈಗ ಕೊನೆಯವರೆಗೆ ಕೇಳುತ್ತೇನೆ. ಮೊದಲು ಅರ್ಧಕ್ಕೇ ಉತ್ತರ ಕೊಡುತ್ತಿದ್ದೆ.

ಕಣ್ಣೂ ಬದಲಾಯಿತು. ಮರ ತೇವಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದೂ ಅಗಲಕ್ಕೆ ಜಾಸ್ತಿ, ಉದ್ದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಚೌಕಟ್ಟಿನ ಬಾಗಿಲಲ್ಲಿ ನಡುವಿನ ಹಲಗೆಗೆ ಅಂಟು ಹಾಕುವುದಿಲ್ಲ. ಚೌಕಟ್ಟಿನಲ್ಲಿ ಕೊರೆದ ಸಾಲಿನೊಳಗೆ ಸ್ವಲ್ಪ ಜಾಗ ಬಿಟ್ಟು ಸುಮ್ನೆ ಕೂರಿಸುತ್ತಾರೆ. ಇಲ್ಲದಿದ್ದರೆ ಹಲಗೆ ಸೀಳುತ್ತದೆ. ಜೀವನವಿಡೀ ಬಾಗಿಲು ತೆರೆದು ಮುಚ್ಚಿದ್ದೆ, ಒಂದನ್ನೂ ನೋಡಿರಲಿಲ್ಲ. ಈಗ ಯಾರ ಮನೆಗೆ ಹೋದರೂ ಬಾಗಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ. ಕಲಿಯುವುದರ ಈ ಸುಖ ನಿನಗೂ ಸಿಗಲಿ ಅನ್ನೋದು ನನ್ನ ಆಸೆ.

ನಿನ್ನ ಪತ್ರ ಓದುವಾಗ ನನಗೆ ಖಗೋಳ ವಿಜ್ಞಾನಿ ಕ್ಯಾರೊಲೀನ್ ಹರ್ಷೆಲ್ ನೆನಪಾದಳು. 1750ರಲ್ಲಿ ಜರ್ಮನಿಯಲ್ಲಿ ಹುಟ್ಟಿದವಳು. ಮಗಳು ಮನೆಗೆಲಸ ಕಲಿತರೆ ಸಾಕು ಅನ್ನೋದು ತಾಯಿಯ ಲೆಕ್ಕ. ಅಣ್ಣ ವಿಲಿಯಂ ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತಗಾರನಾಗಿದ್ದ. 1772ರಲ್ಲಿ ತಂಗಿಯನ್ನು ಅಲ್ಲಿಗೆ ಕರೆದುಕೊಂಡು ಹೋದ. ಆಕೆ ಹಾಡುಗಾರಿಕೆ ಕಲಿತಳು, ಸಭೆಗಳಲ್ಲಿ ಹಾಡಿ ಹೆಸರು ಮಾಡಿದಳು. ಅಷ್ಟರಲ್ಲಿ ಅಣ್ಣನಿಗೆ ನಕ್ಷತ್ರದ ಹುಚ್ಚು ಹಿಡಿದಿತ್ತು. ಹಗಲು ಸಂಗೀತ ಪಾಠ, ಬಿಡುವಾದಾಗೆಲ್ಲ ದೂರದರ್ಶಕದ ಕನ್ನಡಿ ಉಜ್ಜುವ ಕೆಲಸ. ಉಜ್ಜುತ್ತಿರುವಾಗ ಕೈ ತೆಗೆಯುವಂತಿಲ್ಲ ಅಂತ ತಂಗಿಯೇ ಅವನ ಬಾಯಿಗೆ ತುತ್ತು ಇಡುತ್ತಿದ್ದಳಂತೆ. 1781ರಲ್ಲಿ ಅವನು ಯುರೇನಸ್ ಗ್ರಹವನ್ನು ಕಂಡುಹಿಡಿದ. ಸಂಗೀತದ ಉದ್ಯೋಗ ಬಿಟ್ಟದ್ದು ಅದರ ಮರುವರ್ಷ, ದೊರೆ ವರ್ಷಕ್ಕೆ 200 ಪೌಂಡ್ ಗೊತ್ತು ಮಾಡಿದ ಮೇಲೆ. ಇದನ್ನು ಗಮನಿಸು. ಮೊದಲೇ ಎಲ್ಲ ಬಿಟ್ಟು ಹೊರಟವನಲ್ಲ ಅವನು. ವರ್ಷಗಟ್ಟಲೆ ಎರಡನ್ನೂ ಜೊತೆಗೇ ನಡೆಸಿದ.

ಆದರೆ ನನಗೆ ಜಾಸ್ತಿ ಹತ್ತಿರದವಳು ತಂಗಿ. ಯಾಕೆ ಗೊತ್ತಾ? ಆ ಆಯ್ಕೆ ಆಕೆಯದಾಗಿರಲಿಲ್ಲ. ಅಣ್ಣ ದಾರಿ ಬದಲಿಸಿದ, ಇವಳ ಹಾಡು ನಿಂತಿತು. ಆಕಾಶ ನೋಡುವ ಕೆಲಸಕ್ಕೆ ಸಹಾಯಕಿಯಾಗಬೇಕಾಯಿತು. ಮೊದಮೊದಲು ಅದರಲ್ಲಿ ಉತ್ಸಾಹವೇ ಇರಲಿಲ್ಲ. ಗಣಿತ ಕಲಿತದ್ದು ಬೆಳಗಿನ ಊಟದ ಮೇಜಿನಲ್ಲಿ, ಅಣ್ಣನನ್ನು ಕೇಳಿ ಕೇಳಿ. ಮಗ್ಗಿ ಕೊನೆಯವರೆಗೂ ಬಾಯಿಗೆ ಬರಲಿಲ್ಲ. ಒಂದು ಹಾಳೆಯಲ್ಲಿ ಬರೆದುಕೊಂಡು ಜೊತೆಗೇ ಇಟ್ಟುಕೊಳ್ಳುತ್ತಿದ್ದಳು. ಅದೇ ಹೆಣ್ಣು 1786ರಲ್ಲಿ ಸ್ವತಃ ಒಂದು ಧೂಮಕೇತುವನ್ನು ಕಂಡುಹಿಡಿದಳು. ಮರುವರ್ಷದಿಂದ ಆಕೆಗೂ ದೊರೆಯಿಂದ ವರ್ಷಕ್ಕೆ 50 ಪೌಂಡ್ ಸಂಬಳ. ಹಳೆಯ ನಕ್ಷತ್ರಪಟ್ಟಿಯಲ್ಲಿ ಬಿಟ್ಟುಹೋಗಿದ್ದ 560 ನಕ್ಷತ್ರಗಳನ್ನು ಹೆಕ್ಕಿ ಸೇರಿಸಿದಳು. 1828ರಲ್ಲಿ ಲಂಡನ್ನಿನ ಖಗೋಳ ಸಂಘ ಚಿನ್ನದ ಪದಕ ಕೊಟ್ಟಿತು. ಬೇರೆಯವರು ಹಿಡಿಸಿದ ದಾರಿಯನ್ನು ಕಲಿತು ಕಲಿತು ತನ್ನದು ಮಾಡಿಕೊಂಡವಳು ಅವಳು. ಮಗ್ಗಿ ಬಾರದವಳು, ನೆನಪಿರಲಿ.

ಇನ್ನು ತಲೆಗೆ ಹತ್ತುವ ವಿಷಯ. ಲಂಡನ್ನಿನ ಟ್ಯಾಕ್ಸಿ ಚಾಲಕರು ಲೈಸೆನ್ಸ್ ಪಡೆಯಲು ಸುಮಾರು 25,000 ಬೀದಿಗಳನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಅವರ ಮೆದುಳಿನ ಸ್ಕ್ಯಾನ್ ಅನ್ನು ಕಲಿಯುವ ಮೊದಲು ಒಮ್ಮೆ, ಕಲಿತ ಮೇಲೆ ಇನ್ನೊಮ್ಮೆ ಮಾಡಿ ಹೋಲಿಸಿದ ಅಧ್ಯಯನ 2011ರಲ್ಲಿ ಬಂತು. ಪರೀಕ್ಷೆ ಪಾಸಾದವರಲ್ಲಿ ದಾರಿ ನೆನಪಿಡುವ ಭಾಗ, ಹಿಪೊಕ್ಯಾಂಪಸ್, ಬೆಳೆದಿತ್ತು. ಪಾಸಾಗದವರಲ್ಲಿ ಹಾಗೆ ಆಗಿರಲಿಲ್ಲ. ಇವರೆಲ್ಲ ದೊಡ್ಡವರು, ಶಾಲೆಯ ಮಕ್ಕಳಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದೂ ಕಂಡಿತು. ಪಾಸಾದವರು ಬೇರೆ ಒಂದು ಬಗೆಯ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಒಂದನ್ನು ಆಳವಾಗಿ ಕಲಿಯುವಾಗ ಇನ್ನೊಂದು ಸ್ವಲ್ಪ ಮಂಕಾಗಬಹುದು. ಅದಕ್ಕೂ ಸಿದ್ಧನಿರು.

ವಯಸ್ಸಾದಂತೆ ವೇಗ ಕಡಿಮೆಯಾಗುವುದು ನಿಜ. ಪಕ್ಕದ ಹುಡುಗ ಒಂದು ಗಂಟೆಯಲ್ಲಿ ಮುಗಿಸಿದ್ದು ನಿನಗೆ ಇಡೀ ಸಂಜೆ ಹಿಡಿಯಬಹುದು. ಬಿಡು, ನಿನಗೇನು ಅವಸರ? ಓದುವ ರೀತಿಯನ್ನು ಮಾತ್ರ ಬದಲಿಸು. ಕಾಲೇಜಿನಲ್ಲಿ ನಾವು ಒಂದೇ ಪಾಠವನ್ನು ನಾಲ್ಕು ಸಲ ಓದುತ್ತಿದ್ದೆವು, ಅಲ್ವಾ? ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಮೂರು ಸಲ ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ತಮಗೆ ಚೆನ್ನಾಗಿ ನೆನಪಿರುತ್ತದೆ ಅನ್ನುವ ನಂಬಿಕೆ ಮಾತ್ರ ಓದಿದವರಿಗೇ ಜಾಸ್ತಿ ಇತ್ತು. ಹಾಗಾಗಿ ಒಂದು ಪ್ರಮೇಯ ಓದಿದ ಮೇಲೆ ಪುಸ್ತಕ ಮುಚ್ಚಿ, ಬಿಳಿ ಹಾಳೆಯಲ್ಲಿ ನೀನೇ ಸಾಧಿಸಿ ನೋಡು. ಅರ್ಧಕ್ಕೆ ನಿಲ್ಲುತ್ತೀಯ, ಕಷ್ಟವಾಗುತ್ತದೆ. ಆ ಕಷ್ಟದಲ್ಲೇ ಅದು ತಲೆಯಲ್ಲಿ ಕೂರುತ್ತದೆ.

ದುಡ್ಡಿನ ಮಾತು ನಿನ್ನ ಪತ್ರದಲ್ಲಿ ಎಲ್ಲೂ ಇಲ್ಲ. ಮನೆಯವರ ಮಾತೂ ಇಲ್ಲ. ಕೆಲಸ ಬಿಡುವುದು ನೀನೊಬ್ಬನೇ ಆದರೂ ಅದರ ಭಾರ ಹೊರುವವರು ಮನೆಯವರೆಲ್ಲ. ಅತ್ತಿಗೆಯ ಜೊತೆ ಕೂತು ತಿಂಗಳ ಖರ್ಚು ಬರೆದು ನೋಡು. ಆಸ್ಪತ್ರೆಗೆ ಅಂತ ಬೇರೆ ಇಡು. ಅವರು ಏನನ್ನು ಮುಂದೆ ಹಾಕಿದ್ದಾರೆ ಅಂತಲೂ ಕೇಳು. ನಿನ್ನ ಹಾಗೆ ಅವರಿಗೂ ಕಲಿಯಬೇಕು ಅನ್ನಿಸಿದ್ದು ಏನೋ ಇದ್ದೇ ಇರುತ್ತದೆ. ಇದನ್ನು ತುಂಬಾ ಪ್ರೀತಿಯಿಂದ ಹೇಳುತ್ತಿದ್ದೇನೆ. ಕ್ಯಾರೊಲೀನಳನ್ನು ಯಾರೂ ಕೇಳಲಿಲ್ಲ.

ಒಂದು ಸಲಹೆ. ರಾಜೀನಾಮೆಯನ್ನು ಆರು ತಿಂಗಳು ಮುಂದೆ ಹಾಕು, ಗಣಿತವನ್ನು ಒಂದು ದಿನವೂ ಹಾಕಬೇಡ. ಇವತ್ತಿನಿಂದಲೇ ದಿನಾ ಬೆಳಿಗ್ಗೆ ಒಂದು ಗಂಟೆ ಕೂರು. ಆರು ತಿಂಗಳಾದ ಮೇಲೂ ಆ ಗಂಟೆಗೆ ಕಾಯುತ್ತಿದ್ದೀಯಾ ನೋಡು. ಕಾಯುತ್ತಿದ್ದರೆ ಕೆಲಸ ಬಿಡು, ನಾನು ನಿನ್ನ ಜೊತೆಗಿದ್ದೇನೆ. ಅಷ್ಟರಲ್ಲಿ ಕೆಲಸದ ಜೊತೆಗೇ ಓದುವ ದಾರಿ ಸಿಕ್ಕರೆ ಅದೂ ಒಳ್ಳೆಯದೇ, ಅದನ್ನು ಸೋಲು ಅಂದುಕೊಳ್ಳಬೇಡ.

ಮುಂದಿನ ಪತ್ರದಲ್ಲಿ ಯಾವ ಪುಸ್ತಕದಿಂದ ಶುರು ಮಾಡಿದೆ ಅಂತ ಬರೆ. ಬಿಡಿಸಲಾಗದ ಮೊದಲ ಲೆಕ್ಕವನ್ನೂ ಕಳಿಸು. ನನಗೂ ಬರುವುದಿಲ್ಲ, ಆದರೆ ಅದು ಏನು ಕೇಳುತ್ತಿದೆ ಅಂತ ನೀನು ನನಗೆ ಅರ್ಥ ಮಾಡಿಸಬೇಕು.

ಇಂತಿ ನಿನ್ನ ಗೆಳೆಯ