ಭಾನುವಾರದ ಸಭೆ: ಬಿದಿರು ಕೆಲಸದವರು ತಪ್ಪದೇ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 10 ಗಂಟೆಗೆ ನಮ್ಮ ಮೈಸೂರಿನ ಮೇದರ ಕೇರಿಯಲ್ಲೇ ಸೇರೋಣ. ಬಿದಿರು ಕೆಲಸ ಮಾಡುವ ಪ್ರತಿ ಮನೆಯಿಂದ ಒಬ್ಬರಾದರೂ ಬರಲೇಬೇಕು.

ಗೌರಿ ಹಬ್ಬಕ್ಕೆ ಬಾಗಿನದ ಮೊರ ಜೋಡಿ ಜೋಡಿಯಾಗಿ ಹೋಗುತ್ತದೆ, ಹಬ್ಬ ಮುಗಿದರೆ ಯಾರೂ ಕೇಳಲ್ಲ, ಪ್ಲಾಸ್ಟಿಕ್ ಮೊರ ಬಂದ ಮೇಲಂತೂ ಇನ್ನೂ ಕಷ್ಟ ಅಲ್ವಾ? ದಸರಾಗೆ ಬರುವ ಜನ ಅರಮನೆ ನೋಡಿ ಹೊರಟುಬಿಡುತ್ತಾರೆ. ಅವರನ್ನು ನಮ್ಮ ಬೀದಿಗೆ ಕರೆತಂದು ಬಿದಿರು ಸೀಳುವುದು, ಬುಟ್ಟಿ ಹೆಣೆಯುವುದು ಕಲಿಸೋಣ. ಕಳೆದ ವರ್ಷ ಒಬ್ಬ ಹುಡುಗಿ ಅರ್ಧ ಗಂಟೆ ಕೂತು ಅಂಗೈಯಗಲದ ಬುಟ್ಟಿ ಹೆಣೆದು, ಅದನ್ನು ತಾನೇ ದುಡ್ಡು ಕೊಟ್ಟು ತಗೊಂಡು ಹೋದಳು! ಆದರೆ ಸುಮ್ನೆ ತೋರಿಸುವುದು ಬೇಡ. ಕಲಿಸುವವರಿಗೆ ಕೂಲಿ ಎಷ್ಟು ಅಂತ ಮೊದಲೇ ಗೊತ್ತು ಮಾಡೋಣ, ಫೋಟೊ ತೆಗೆದುಕೊಂಡು ಹೊಗಳಿ ಹೋದರೆ ಒಲೆ ಉರಿಯಲ್ಲ.

ಇನ್ನೊಂದು ವಿಷಯ. ಕೈಕಸುಬಿನವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯುವುದೂ ಇದೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000ದ ವರೆಗೆ, ಮೊದಲ ಸಾಲ 1 ಲಕ್ಷದ ವರೆಗೆ ಶೇ 5ರ ಬಡ್ಡಿಗೆ. (ಸಾಲ ಅಂದರೆ ಸಾಲವೇ, ತೀರಿಸಬೇಕು.) ಈಗಾಗಲೇ ನೋಂದಣಿ ಆದವರು ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಓಟಿಪಿ ಬರುವ ಫೋನ್ ತನ್ನಿ, ಅರ್ಜಿ ಎಲ್ಲಿ ನಿಂತಿದೆ ಅಂತ ನೋಡೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಈ ಗ್ರೂಪಿನಲ್ಲೇ ಹೆಸರು ಹಾಕಿ. ಕಲಿಸೋಕೆ ಒಪ್ಪಿಗೆ ಇದೆಯಾ ಅಂತಲೂ ತಿಳಿಸಿ. ಬರೆಯೋಕೆ ಆಗದವರು ವಾಯ್ಸ್ ಕಳಿಸಿದರೂ ಸಾಕು. ಅಲ್ಲಿಯ ತನಕ ದಯವಿಟ್ಟು ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ, ಹೆಸರುಗಳು ಮೇಲೆ ಹೋಗಿಬಿಡುತ್ತವೆ.